ಗುಂಡಿ ಉಕ್ಕುವ ತನಕ ಕಾಯುವುದು ಯಾಕೆ?



ಈ ಸಲ ನಾನು ಕಕ್ಕಸಿನ ಗುಂಡಿ ಬಗ್ಗೆ ಬರೆಯುತ್ತೇನೆ ಅಂದಾಗ ನಮ್ಮ ಸಂಪಾದಕ ಮಂಡಳಿಯವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. "ಹಂಪಿ ಬಗ್ಗೆ ಬರಿ, ಡ್ಯಾಮಿನ ಬಗ್ಗೆ ಬರಿ, ಇದ್ಯಾಕ ಬೇಕು?" ಅಂದರು. ಹಂಪಿ ಬಗ್ಗೆ ಈ ಗೋಡೆ ಮೇಲೆ ಎಷ್ಟು ಸಲ ಬಂದಿದೆ ಅಂತ ನಿಮಗೇ ಗೊತ್ತು. ಗುಂಡಿ ಬಗ್ಗೆ ಒಂದು ಸಲವೂ ಬಂದಿಲ್ಲ. ಹಂಪಿ ಇರುವುದು ಒಂದೇ ಊರಲ್ಲಿ. ಗುಂಡಿ ಇರುವುದು ಎಲ್ಲರ ಹಿತ್ತಲಲ್ಲಿ. ಆದ್ದರಿಂದ ಮೂಗು ಮುಚ್ಚಿಕೊಳ್ಳದೆ ಓದಬೇಕೆಂದು ವಿನಂತಿ. ಕಾಗದಕ್ಕೆ ವಾಸನೆ ಇಲ್ಲ.

ನಮ್ಮ ಕಡೆ ಮನೆ ಕಟ್ಟಿಸುವವರು ಒಂದು ಮಾತನ್ನು ಬಹಳ ಹೆಮ್ಮೆಯಿಂದ ಹೇಳುತ್ತಾರೆ. "ನಮ್ದು ಹದಿನೈದಡಿ ತಗಸೀವಿ. ನಮ್ಮ ಮೊಮ್ಮಕ್ಕಳ ಕಾಲಕ್ಕೂ ತುಂಬಂಗಿಲ್ಲ." ಕೇಳಿದವರು ಮನೆಗೆ ಹೋಗಿ ಹದಿನೆಂಟಡಿ ತೆಗೆಸುತ್ತಾರೆ. ಬಾವಿ ತೆಗೆಸುವ ಕಾಲದಲ್ಲೂ ಇಷ್ಟು ಪೈಪೋಟಿ ಇತ್ತೋ ಇಲ್ಲವೋ! ಈ ಹೆಮ್ಮೆಯ ಅರ್ಥ ಇಷ್ಟೇ: ಒಂದು ಸಲ ಮುಚ್ಚಳ ಹಾಕಿದರೆ ಮತ್ತೆ ಅದರ ಮುಖ ನೋಡಬಾರದು. ನನ್ನ ವಾದ ಇದಕ್ಕೆ ಉಲ್ಟಾ. ಗುಂಡಿಯನ್ನು ಮರೆಯಲಿಕ್ಕೆ ಅಂತ ಕಟ್ಟಬಾರದು. ಸೆಪ್ಟಿಕ್ ಟ್ಯಾಂಕ್ ತುಂಬಿರಲಿ ಬಿಡಲಿ, ಎರಡು ಮೂರು ವರ್ಷಕ್ಕೊಮ್ಮೆ ತಾರೀಖು ಇಟ್ಟುಕೊಂಡು, ಗಾಡಿ ಕರೆಸಿ ಖಾಲಿ ಮಾಡಿಸಬೇಕು. ಉಕ್ಕಿದ ಮೇಲೆ ಓಡಾಡುವ ಪದ್ಧತಿಯಿಂದಲೇ ಕೊನೆಗೆ ಒಬ್ಬ ಮನುಷ್ಯ ಅದರೊಳಗೆ ಇಳಿಯುವ ಪ್ರಸಂಗ ಬರುತ್ತದೆ.

ಕಟ್ಟುವಾಗ ಇರುವ ಉತ್ಸಾಹ ಕಾಯುವಾಗ ಇರುವುದಿಲ್ಲ. ಇದು ಬರೀ ಕಕ್ಕಸಿನ ಮಾತಲ್ಲ. ನಮ್ಮ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೇ ಗೇಟಿನ ಚೈನು 2024ರ ಆಗಸ್ಟ್ 10ರ ರಾತ್ರಿ ಕಡಿದುಹೋಯಿತು. ಎಪ್ಪತ್ತು ವರ್ಷ ನಿಂತ ಡ್ಯಾಮು. ಒಂದು ಚೈನಿಗಾಗಿ ನೀರೆಲ್ಲ ಹೊಳೆ ಪಾಲಾಗುವುದನ್ನು ನಮ್ಮ ಹೊಸಪೇಟೆ, ಕಂಪ್ಲಿ ಸೀಮೆಯವರೆಲ್ಲ ಎದೆ ಹಿಡಿದುಕೊಂಡು ನೋಡಿದೆವು. ಒಂದು ವಾರದಲ್ಲಿ ಸ್ಟಾಪ್‌ಲಾಗ್ ಇಳಿಸಿದರು ಅನ್ನುವುದು ನಮ್ಮ ಪುಣ್ಯ. ಆಗ ಊರಿನವರೆಲ್ಲ ಕಟ್ಟೆ ಮೇಲೆ ಕೂತು, "ಮೊದಲೇ ನೋಡಿಕೊಳ್ಳಬಾರದಿತ್ತಾ?" ಅಂತ ಸರ್ಕಾರವನ್ನು ಬೈದರು. ಬೈದದ್ದು ಸರಿಯೇ. ಆದರೆ ಹಾಗೆ ಬೈದವರಲ್ಲಿ ತಮ್ಮ ಮನೆ ಟ್ಯಾಂಕಿನ ಮುಚ್ಚಳ ಎಲ್ಲಿದೆ ಅಂತ ಗೊತ್ತಿರುವವರು ಎಷ್ಟು ಜನ? ಕೆಲವರ ಮನೆಯಲ್ಲಿ ಅದರ ಮೇಲೆ ಟೈಲ್ಸ್ ಹಾಕಿದ್ದಾರೆ, ಕೆಲವರು ತುಳಸಿ ಕಟ್ಟೆಯನ್ನೇ ಕಟ್ಟಿದ್ದಾರೆ.

ಇನ್ನು ಹೆಸರಿನ ಗೊಂದಲ. ನಾವು ನೆಲದೊಳಗೆ ಇರುವುದಕ್ಕೆಲ್ಲ 'ಸೆಪ್ಟಿಕ್ ಟ್ಯಾಂಕ್' ಅಂತೀವಿ. ನಮ್ಮ ಓಣಿಯಲ್ಲಿ ನಾನು ಕೇಳಿದ ಮಟ್ಟಿಗೆ ಹೆಚ್ಚಿನವು ಟ್ಯಾಂಕೇ ಅಲ್ಲ. ಸಿಮೆಂಟ್ ರಿಂಗು ಇಳಿಸಿದ ಒಂಟಿ ಗುಂಡಿ, ಮೇಲೆ ಚಪ್ಪಡಿ ಕಲ್ಲು. ತಳಕ್ಕೆ ಏನೂ ಇಲ್ಲ. "ತಳ ಬಿಟ್ಟರೆ ನೀರು ಇಂಗತೈತಿ, ಲಗೂನ ತುಂಬಂಗಿಲ್ಲ" ಅಂತ ಗೌಂಡಿ ಹೇಳಿರುತ್ತಾರೆ. ಇಂಗುವುದು ನಿಜ. ಎಲ್ಲಿಗೆ ಇಂಗುತ್ತದೆ ಅಂತ ಯಾರೂ ಕೇಳಿರುವುದಿಲ್ಲ.

ನಿಜವಾದ ಸೆಪ್ಟಿಕ್ ಟ್ಯಾಂಕ್ ಹೇಗೆ ಕೆಲಸ ಮಾಡುತ್ತದೆ ಅಂತ ವಿಜ್ಞಾನದ ಸರ್ ಬೋರ್ಡಿನ ಮೇಲೆ ಬರೆದು ತೋರಿಸಿದರು. ಹಾಲು ಕಾಸಿ ಇಟ್ಟಾಗ ಮೇಲೆ ಕೆನೆ ಕಟ್ಟುತ್ತದಲ್ಲ, ಹಾಗೆ ಟ್ಯಾಂಕಿನಲ್ಲಿ ಎಣ್ಣೆ ಜಿಡ್ಡು, ಹಗುರಾದದ್ದು ಮೇಲೆ ತೇಲುತ್ತದೆ. ಭಾರವಾದದ್ದು ತಳಕ್ಕೆ ಕೂತು ಕೆಸರಾಗುತ್ತದೆ. ನಡುವೆ ಇರುವ ನೀರು ಮಾತ್ರ ನಡುಗೋಡೆ ದಾಟಿ ಎರಡನೇ ಕೋಣೆಗೆ, ಅಲ್ಲಿಂದ ಇಂಗುಗುಂಡಿಗೆ ಹೋಗಬೇಕು. ಗಾಳಿ ಇಲ್ಲದೆ ಬದುಕುವ ಸೂಕ್ಷ್ಮಜೀವಿಗಳು ತಳದ ಕೆಸರನ್ನು ತಿಂದು ಕಡಿಮೆ ಮಾಡುತ್ತವೆ. ಪೂರ್ತಿ ತಿನ್ನುವುದಿಲ್ಲ. ಉಳಿದದ್ದು ವರ್ಷ ವರ್ಷ ಏರುತ್ತಾ ಬರುತ್ತದೆ. ಅದು ಅರ್ಧಕ್ಕೆ ಬಂತೆಂದರೆ ನೀರಿಗೆ ತಿಳಿಯಾಗಲು ಸಮಯವೇ ಸಿಗುವುದಿಲ್ಲ, ಕೆಸರು ಸಮೇತ ಇಂಗುಗುಂಡಿಗೆ ನುಗ್ಗಿ ಅದರ ಮಣ್ಣಿನ ಕಣ್ಣುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಆಮೇಲೆ ಟ್ಯಾಂಕ್ ಖಾಲಿ ಮಾಡಿಸಿದರೂ ಇಂಗುಗುಂಡಿ ನೀರು ಕುಡಿಯುವುದಿಲ್ಲ. ಹೊಸದು ತೋಡಬೇಕು. ಅಂದರೆ 'ಇನ್ನೂ ತುಂಬಿಲ್ಲ ಬಿಡು' ಅಂತ ಉಳಿಸಿದ ದುಡ್ಡು ಹೀಗೆ ಹೋಗುತ್ತದೆ.

ನನಗೆ ಬಹಳ ಆಶ್ಚರ್ಯವಾದದ್ದು ಅಳತೆ. ಐದು ಜನರ ಮನೆಗೆ ಸರ್ಕಾರದ ಪ್ರಮಾಣದ ಪ್ರಕಾರ ಬೇಕಾಗುವ ಟ್ಯಾಂಕು ಸುಮಾರು 5 ಅಡಿ ಉದ್ದ, ಎರಡೂವರೆ ಅಡಿ ಅಗಲ, ನೀರು ನಿಲ್ಲುವ ಆಳ ಮೂರು ಅಡಿಗಿಂತ ಸ್ವಲ್ಪ ಹೆಚ್ಚು. ಅಷ್ಟೇ! ಆದರೆ ಆ ಅಳತೆಯ ಜೊತೆಗೇ ಒಂದು ಶರತ್ತು ಇದೆ, ಎರಡು ಮೂರು ವರ್ಷಕ್ಕೊಮ್ಮೆ ಕೆಸರು ತೆಗೆಸಬೇಕು. ನಾವು ಶರತ್ತನ್ನು ಬಿಟ್ಟು ಅಳತೆಯನ್ನು ಐದು ಪಟ್ಟು ಮಾಡಿದ್ದೇವೆ.

ಆಳ ಮಾಡಿದರೆ ಏನು ತೊಂದರೆ ಅಂತ ಕೇಳುವವರು ನಮ್ಮ ಸೀಮೆಯ ನೆಲ ನೋಡಬೇಕು. ಕಂಪ್ಲಿ ಕಡೆ ಗದ್ದೆ ಬಯಲು. ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾಯಿತು ಅಂದರೆ ನೆಲದೊಳಗಿನ ನೀರು ಮೇಲಕ್ಕೆ ಬರುತ್ತದೆ. ತಳ ಇಲ್ಲದ ಗುಂಡಿಗೆ ಆ ನೀರು ಕೆಳಗಿನಿಂದಲೇ ನುಗ್ಗುತ್ತದೆ. ಮನೆಯವರು, "ಹೋದ ವರ್ಷ ತೆಗೆದದ್ದು, ಆಗ್ಲೇ ತುಂಬೈತಿ" ಅಂತ ಬೆರಗಾಗುತ್ತಾರೆ. ತುಂಬಿದ್ದು ಅವರದಲ್ಲ, ಕಾಲುವೆಯದು. ಅಂಥ ಕಡೆ ತಳಕ್ಕೂ ಗೋಡೆಗೂ ಸಿಮೆಂಟ್ ಹಾಕಿ, ನೀರು ಒಳಗೆ ಬರದ ಹೊರಗೆ ಹೋಗದ ಟ್ಯಾಂಕನ್ನೇ ಕಟ್ಟಬೇಕು. ಆಳ ಕಡಿಮೆ ಇರಬೇಕು, ನೆಲದಿಂದ ಎತ್ತರಿಸಿದರೆ ಇನ್ನೂ ಒಳ್ಳೆಯದು. ಸಂಡೂರಿನ ಕಡೆ ಗುಡ್ಡದ ಮಗ್ಗುಲಲ್ಲಿ ಬೇರೆ ಕಥೆ. ನಾಲ್ಕಡಿಗೆ ಕಲ್ಲು ಸಿಗುತ್ತದೆ. ಕಲ್ಲಿನ ಬಿರುಕು ಹಿಡಿದು ಗುಂಡಿಯ ನೀರು ಎಲ್ಲಿ ಹೋಗಿ ಏಳುತ್ತದೋ ಮೇಲಿನವರಿಗೆ ಗೊತ್ತಾಗುವುದಿಲ್ಲ, ಇಳಿಜಾರಿನ ಕೆಳಗೆ ಬೋರು ಹಾಕಿಸಿದವರಿಗೆ ಗೊತ್ತಾಗುತ್ತದೆ. ಹಂಪಿ, ಕಮಲಾಪುರದ ಕಡೆ ಬಂಡೆಯೂ ಹೌದು, ಸ್ಮಾರಕಗಳ ಹತ್ತಿರ ಅನುಮತಿ ಇಲ್ಲದೆ ಅಗೆಯುವಂತೆಯೂ ಇಲ್ಲ. ಅಲ್ಲಿಯವರಿಗೆ ಸಣ್ಣ ಟ್ಯಾಂಕು ಮತ್ತು ಹೊತ್ತಿಗೆ ಸರಿಯಾಗಿ ಬರುವ ಗಾಡಿ, ಇವೆರಡು ಬಿಟ್ಟರೆ ನನಗೇನೂ ಬೇರೆ ದಾರಿ ಕಾಣುವುದಿಲ್ಲ.

ಬೋರಿನ ಮಾತು ಬಂತು. ಇಂಗುಗುಂಡಿಗೂ ಕುಡಿಯುವ ನೀರಿನ ಬೋರಿಗೂ ಕಡಿಮೆ ಅಂದರೆ 60 ಅಡಿ ಅಂತರ ಇರಬೇಕು ಅಂತಾರೆ. ನಮ್ಮ ಸೈಟುಗಳೇ 30-40 ಅಡಿ! ನಮ್ಮ ಗುಂಡಿಯಿಂದ ನಮ್ಮ ಬೋರು ದೂರ ಇಟ್ಟರೆ ಅದು ಪಕ್ಕದ ಮನೆಯವರ ಗುಂಡಿಗೆ ಹತ್ತಿರ ಆಗುತ್ತದೆ. ಹಾಗಾಗಿ ಒಬ್ಬರ ಗುಂಡಿ ಒಬ್ಬರ ಮನೆ ವಿಷಯ ಅಲ್ಲವೇ ಅಲ್ಲ. 2021ರ ಅಕ್ಟೋಬರ್‌ನಲ್ಲಿ ನಮ್ಮದೇ ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲೂಕಿನ ಮಕರಬ್ಬಿಯಲ್ಲಿ ಕಲುಷಿತ ನೀರು ಕುಡಿದು ಜನ ವಾಂತಿ ಭೇದಿಯಿಂದ ತೀರಿಕೊಂಡರು. ಅಲ್ಲಿ ಗುಂಡಿಯೇ ಕಾರಣ ಅಂತ ನಾನು ಹೇಳುತ್ತಿಲ್ಲ. ಕುಡಿಯುವ ನೀರಿಗೆ ಹೊಲಸು ಸೇರಿದರೆ ಊರಿನ ಗತಿ ಏನು ಅನ್ನುವುದಕ್ಕೆ ದೂರದ ಉದಾಹರಣೆ ಬೇಡ ಅಂತಷ್ಟೇ.

ಈಗ ಮುಖ್ಯ ಮಾತಿಗೆ ಬರುತ್ತೇನೆ.

ಗುಂಡಿ ಯಾವತ್ತು ಉಕ್ಕುತ್ತದೆ? ಮನೆಯಲ್ಲಿ ಮೂರೇ ಜನ ಇದ್ದಾಗ ಉಕ್ಕುವುದಿಲ್ಲ. ಜಾತ್ರೆಗೆ ಬೀಗರು ಬಂದಾಗ, ಮದುವೆ ಮನೆಯಲ್ಲಿ ನಲವತ್ತು ಜನ ಇದ್ದಾಗ, ಜಡಿಮಳೆ ಹಿಡಿದಾಗ ಉಕ್ಕುತ್ತದೆ. ಆಗ ಹೊಸಪೇಟೆಗೆ ಫೋನು ಮಾಡಿದರೆ ಗಾಡಿಯವರು, "ಇವತ್ತು ಆಗಲ್ಲ ಸಾರ್, ನಾಡಿದ್ದು" ಅಂತಾರೆ. ನಾಡಿದ್ದು ಅಂದರೆ ಮದುವೆ ಮುಗಿದಿರುತ್ತದೆ. ಮನೆ ಯಜಮಾನರು ಯಾರನ್ನೋ ಕೇಳುತ್ತಾರೆ. ಅವರು ಇನ್ಯಾರನ್ನೋ ತೋರಿಸುತ್ತಾರೆ. ರಾತ್ರಿ ಹತ್ತು ಗಂಟೆಗೆ ಹಗ್ಗ, ಬಕೀಟು ಹಿಡಿದು ಇಬ್ಬರು ಬರುತ್ತಾರೆ. ಹಗಲಲ್ಲಿ ಯಾರಾದರೂ ನೋಡುತ್ತಾರೆ ಅಂತ ರಾತ್ರಿ. ಅವರಿಗೆ ಕುಡಿಯಲು ದುಡ್ಡು ಮೊದಲೇ ಕೊಟ್ಟಿರುತ್ತಾರೆ, ಯಾಕೆಂದರೆ ಸ್ವಸ್ಥ ಬುದ್ಧಿಯಲ್ಲಿ ಯಾರೂ ಅದರೊಳಗೆ ಇಳಿಯಲಾರರು. ಬರುವವರು ಯಾವ ಕೇರಿಯವರು ಅಂತ ನಾನು ಬರೆಯಬೇಕಾಗಿಲ್ಲ. ನೀವು ಓದುವಾಗಲೇ ನಿಮ್ಮ ಮನಸ್ಸಿನಲ್ಲಿ ಬಂದಾಗಿದೆ. ನಮ್ಮ ನಾಚಿಕೆ ಅಲ್ಲೇ ಇರುವುದು.

ಮುಚ್ಚಿದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಅನಿಲಗಳು ತುಂಬಿರುತ್ತವೆ, ಆಮ್ಲಜನಕ ಇರುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ದಾಗ ಕೊಳೆತ ತತ್ತಿಯ ವಾಸನೆ ಬರುತ್ತದೆ. ಜಾಸ್ತಿ ಆದಾಗ ಅದು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ, ವಾಸನೆ ಹೋಯಿತು ಅನ್ನಿಸುತ್ತದೆ. "ಈಗ ವಾಸ್ನಿ ಇಲ್ಲ, ಇಳಿ" ಅಂತ ಹೇಳುವ ಹೊತ್ತೇ ಬಹಳ ಅಪಾಯದ ಹೊತ್ತು. ಮೊದಲನೆಯವನು ಎರಡು ಉಸಿರಿಗೆ ಬೀಳುತ್ತಾನೆ. ಅವನನ್ನು ಎತ್ತಲು ಎರಡನೆಯವನು ಇಳಿಯುತ್ತಾನೆ. ಪೇಪರಿನಲ್ಲಿ ಇಂಥ ಸುದ್ದಿ ಬಂದಾಗ ಸತ್ತವರು ಒಬ್ಬರೇ ಇರುವುದು ಕಡಿಮೆ ಯಾಕೆ ಅಂದರೆ ಇದಕ್ಕೇ. ಕೆಲವರು ಬಾವಿಗೆ ಮಾಡಿದ ಹಾಗೆ ಕಂದೀಲು ಇಳಿಸಿ ಪರೀಕ್ಷೆ ಮಾಡಲು ಹೋಗುತ್ತಾರೆ. ಮೀಥೇನ್ ಬೆಂಕಿ ಹಿಡಿಯುವ ಅನಿಲ. ಕಂದೀಲೂ ಬೇಡ, ಬೀಡಿಯೂ ಬೇಡ, ಮುಚ್ಚಳ ತೆಗೆದ ಜಾಗದಲ್ಲಿ ಮಕ್ಕಳೂ ಬೇಡ.

ಕಾನೂನು ಇಲ್ಲವೇ? ಇದೆ. 1970ರ ದಶಕದಲ್ಲಿ ದೇವರಾಜ ಅರಸು ಅವರ ಸರ್ಕಾರದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ನಿಲ್ಲಿಸಿದರು. 1993ರಲ್ಲಿ ದೇಶಕ್ಕೆ ಒಂದು ಕಾಯ್ದೆ ಬಂತು. ಹಾಗಿದ್ದೂ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು, ನಮ್ಮ ಕಡೆ ನೋಡಿ ಅಂತ ಕೇಳಬೇಕಾಯಿತು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. 2013ರಲ್ಲಿ ಇನ್ನೂ ಬಿಗಿಯಾದ ಕಾಯ್ದೆ ಬಂತು. ಅದರ ಪ್ರಕಾರ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸಿದರೆ ಮೊದಲ ಸಲಕ್ಕೇ 2 ವರ್ಷದ ತನಕ ಜೈಲು ಅಥವಾ 2 ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ. ಇದು ಪುರಸಭೆಗೆ ಮಾತ್ರ ಅಲ್ಲ, ಮನೆ ಯಜಮಾನನಿಗೂ ಅನ್ವಯ. 'ಅವನೇ ಒಪ್ಕೊಂಡು ಇಳಿದಾನ' ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಹೀಗೆ ಸತ್ತವರ ಮನೆಯವರಿಗೆ 10 ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಈ ಹೋರಾಟದಲ್ಲಿ ಮುಂದೆ ನಿಂತ ಬೆಜವಾಡ ವಿಲ್ಸನ್ ನಮ್ಮ ಕರ್ನಾಟಕದ ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿದವರು, ಇದೇ ಕೆಲಸ ಮಾಡುತ್ತಿದ್ದ ಮನೆತನದವರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಕಾನೂನು ಇದ್ದರೂ ರಾತ್ರಿ ಹತ್ತು ಗಂಟೆಗೆ ಹಗ್ಗ ಬಕೀಟು ಬರುವುದು ನಿಂತಿಲ್ಲ ಅಂದರೆ ಕಾರಣ ನಮ್ಮ ಅವಸರ. ಅವಸರಕ್ಕೆ ಕಾರಣ ಮರೆವು. ಅದಕ್ಕೇ ನಾನು ಕಾನೂನಿಗಿಂತ ತಾರೀಖಿನ ಮೇಲೆ ಜಾಸ್ತಿ ನಂಬಿಕೆ ಇಡುತ್ತೇನೆ. ತಾರೀಖಿನ ಪ್ರಕಾರ ಮಾಡಿಸಿದರೆ ಗಾಡಿಯವರು ಬರುವ ದಿನಕ್ಕೆ ನಾವು ಕಾಯಬಹುದು. ಬಕೀಟಿನ ಅಣ್ಣ ಯಾರಿಗೂ ಬೇಕಾಗುವುದಿಲ್ಲ.

ದುಡ್ಡಿನ ಪ್ರಶ್ನೆ ಬರುತ್ತದೆ. ಗಾಡಿಯವರು ದೂರ ನೋಡಿ ದುಡ್ಡು ಹೇಳುತ್ತಾರೆ, ಬಡವರಿಗೆ ಒಂದೇ ಸಲ ಕೊಡುವುದು ಕಷ್ಟ, ನಿಜ. ತಿಂಗಳಿಗೆ ನೂರು ರೂಪಾಯಿ ಎತ್ತಿಟ್ಟರೆ ಮೂರು ವರ್ಷಕ್ಕೆ 3600 ಆಗುತ್ತದೆ. ಗುಟ್ಕಾ ತಿನ್ನುವ ಮನೆಗಳಲ್ಲಿ ಇದನ್ನು ಎಲ್ಲಿಂದ ತರಬೇಕು ಅಂತ ನಾನು ಹೇಳುವುದಿಲ್ಲ. ಓಣಿಯ ಎಂಟು ಹತ್ತು ಮನೆಯವರು ಒಂದೇ ದಿನ ಗಾಡಿ ಕರೆಸಿದರೆ ಬಂದು ಹೋಗುವ ಡೀಸೆಲ್ಲಿನ ಖರ್ಚು ಹಂಚಿಹೋಗುತ್ತದೆ. ಸಂದಿ ಚಿಕ್ಕದು, ಗಾಡಿ ಬರಲ್ಲ ಅಂತಾರೆ. ಪೈಪು ಉದ್ದ ಇರುತ್ತದೆ, ಎಷ್ಟು ಉದ್ದ ಅಂತ ಫೋನಿನಲ್ಲಿ ಮೊದಲೇ ಕೇಳಿದರಾಯಿತು.

ಇನ್ನು ದುಡ್ಡು ಉಳಿಸುವ ತಪ್ಪು ದಾರಿಗಳು. ಗುಂಡಿ ತುಂಬೀತು ಅಂತ ಮನೆಯ ಹಿರಿಯರು ಕಕ್ಕಸು ಬಳಸದೆ ಕತ್ತಲಲ್ಲಿ ಚರಿಗಿ ಹಿಡಿದು ಹೋಗುವುದನ್ನು ನೀವೂ ನೋಡಿದ್ದೀರಿ. "ನಿಮಗ ಇರ್ಲಿ, ನನಗ ಬಯಲ ಸಾಕು" ಅಂತ ನಮ್ಮ ಅಜ್ಜಿ ಈಗಲೂ ಅಂತಾಳೆ. ಸರ್ಕಾರ 12,000 ರೂಪಾಯಿ ಕೊಟ್ಟು ಕಟ್ಟಿಸಿದ್ದು ಎಷ್ಟೋ ಮನೆಯಲ್ಲಿ ಹೀಗೆ ಬೀಗ ಹಾಕಿಕೊಂಡಿದೆ, ಕೆಲವು ಕಡೆ ಕಟ್ಟಿಗೆ ಕುಳ್ಳು ತುಂಬಿಕೊಂಡಿದೆ. ಇನ್ನೊಂದು, ಅಂಗಡಿಯಲ್ಲಿ ಸಿಗುವ ಪುಡಿ. ಹಾಕಿದರೆ ಖಾಲಿ ಮಾಡಿಸುವುದೇ ಬೇಡ ಅಂತ ಮಾರುತ್ತಾರೆ. ಟ್ಯಾಂಕಿಗೆ ಬೇಕಾದ ಜೀವಿಗಳು ನಾವು ಕಳಿಸುವ ಮಾಲಿನಲ್ಲೇ ಬೇಕಾದಷ್ಟು ಇರುತ್ತವೆ. ನಾವು ಮಾಡಬೇಕಾದದ್ದು ಅವನ್ನು ಸಾಯಿಸದೆ ಇರುವುದು. ದಿನಾ ಆಸಿಡ್ಡು, ಬಾಟಲಿಗಟ್ಟಲೆ ಫಿನಾಯಿಲು ಸುರಿದರೆ ಅವು ಸಾಯುತ್ತವೆ. ಉಜ್ಜಲು ಬ್ರಷ್ಷು ಸಾಕು. ಗುಟ್ಕಾ ಚೀಟು, ಕೂದಲ ಉಂಡೆ, ಪ್ಲಾಸ್ಟಿಕ್ಕು, ಪ್ಯಾಡು ಯಾವುದನ್ನೂ ಒಳಗೆ ಹಾಕಬಾರದು. ಹುಡುಗಿಯರು ಪ್ಯಾಡನ್ನು ಮುಜುಗರದಿಂದ ಅಲ್ಲಿ ಹಾಕುತ್ತಾರೆ, ಯಾಕೆಂದರೆ ಬಚ್ಚಲಲ್ಲಿ ಒಂದು ಮುಚ್ಚಳದ ಡಬ್ಬಿ ಇಡಬೇಕು ಅಂತ ಮನೆಯಲ್ಲಿ ಯಾರಿಗೂ ಹೊಳೆದಿರುವುದಿಲ್ಲ. ನಮ್ಮ ಶಾಲೆಗೂ ಈ ಮಾತು ಅನ್ವಯ, ಟೀಚರ್ ಓದುತ್ತಿದ್ದರೆ ದಯಮಾಡಿ ಗಮನಿಸಬೇಕು. ಬಚ್ಚಲ ನೀರು, ಮಾಳಿಗೆ ನೀರು ಟ್ಯಾಂಕಿಗೆ ಬೇಡ, ಬಾಳೆ ಗಿಡಕ್ಕೆ ಬಿಡಬಹುದು. ಗಾಳಿ ಪೈಪಿನ ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿದರೆ ಅರ್ಧ ಓಣಿಯ ಸೊಳ್ಳೆ ಕಡಿಮೆಯಾಗುತ್ತದೆ.

ಹೊಸದಾಗಿ ಕಟ್ಟಿಸುವವರಿಗೆ ನನ್ನ ಸಲಹೆ ಬೇರೆ. ನೀರಿನ ಮಟ್ಟ ಕೆಳಗಿದ್ದು, ಮಣ್ಣು ಮೆತ್ತಗಿದ್ದರೆ ಎರಡು ಗುಂಡಿಯ ಕಕ್ಕಸು ಮಾಡಿಸಿ. ಬಿಹಾರದವರಾದ ಬಿಂದೇಶ್ವರ ಪಾಠಕ್ ಅವರು 1970ರಲ್ಲಿ ಸುಲಭ್ ಸಂಸ್ಥೆ ಶುರು ಮಾಡಿ ಇದನ್ನು ದೇಶದ ತುಂಬ ಹಬ್ಬಿಸಿದರು. ಸುಮಾರು ಮೂರು ನಾಲ್ಕು ಅಡಿಯ ಎರಡು ಗುಂಡಿ, ನಡುವೆ ತಿರುವುವ ಒಂದು ಸಣ್ಣ ಚೇಂಬರು. ಒಂದು ತುಂಬಿದರೆ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಟ್ಟದೆ ಬಿಡಬೇಕು. ಆಗ ಅದು ವಾಸನೆ ಇಲ್ಲದ ಕರಿ ಗೊಬ್ಬರ. ಗಾಡಿಯೂ ಬೇಡ, ಅಣ್ಣನೂ ಬೇಡ, ನಮ್ಮ ಸಲಿಕೆಯೇ ಸಾಕು. ನಂಬದವರಿಗಾಗಿ: 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರದ ಕಾರ್ಯದರ್ಶಿಯಾಗಿದ್ದ ಪರಮೇಶ್ವರನ್ ಅಯ್ಯರ್ ತೆಲಂಗಾಣದ ವಾರಂಗಲ್ ಹತ್ತಿರದ ಗಂಗದೇವಿಪಲ್ಲಿಯಲ್ಲಿ ಗುಂಡಿಗೆ ತಾವೇ ಇಳಿದು ಗೊಬ್ಬರ ತೆಗೆದು ತೋರಿಸಿದರು. ದಿಲ್ಲಿಯ ಅಷ್ಟು ದೊಡ್ಡ ಅಧಿಕಾರಿಗೆ ಆದದ್ದು ನಮ್ಮೂರಿನ ಯಜಮಾನರಿಗೆ ಆಗುವುದಿಲ್ಲವೇ? ಆದರೆ ಒಂದು ಎಚ್ಚರ. ಎರಡೂ ಗುಂಡಿಗೆ ಒಟ್ಟಿಗೆ ಪೈಪು ಕೊಟ್ಟುಬಿಡುವ ಗೌಂಡಿಗಳಿದ್ದಾರೆ. "ಎರಡು ಇದ್ರ ಡಬಲ್ ಬರ್ತೈತಿ" ಅನ್ನುವ ಲೆಕ್ಕ ಅವರದು. ಹಾಗೆ ಮಾಡಿದರೆ ಎರಡೂ ಒಟ್ಟಿಗೆ ತುಂಬುತ್ತವೆ, ಮತ್ತೆ ಅದೇ ಹಗ್ಗ ಬಕೀಟು.

ಗಾಡಿ ಎಳೆದುಕೊಂಡು ಹೋದ ಮೇಲೆ ಎಲ್ಲಿ ಸುರಿಯುತ್ತದೆ? ಈ ಪ್ರಶ್ನೆ ಕೇಳದೆ ಮುಗಿಸಿದರೆ ನನ್ನ ಲೇಖನ ಅರ್ಧ. ಕತ್ತಲಲ್ಲಿ ಹಳ್ಳಕ್ಕೋ ಕಾಲುವೆಗೋ ಬಿಟ್ಟರೆ ನಮ್ಮದು ಕೆಳಗಿನ ಊರಿನವರ ಕೊಡಕ್ಕೆ, ಮೇಲಿನ ಊರಿನವರದು ನಮ್ಮ ಕೊಡಕ್ಕೆ ಬರುತ್ತದೆ. ಬೆಂಗಳೂರು ಗ್ರಾಮಾಂತರದ ದೇವನಹಳ್ಳಿಯಲ್ಲಿ 2015ರಲ್ಲಿ ಇದಕ್ಕೆಂದೇ ಒಂದು ಶುದ್ಧೀಕರಣ ಘಟಕ ಶುರುವಾಯಿತು. ಗಾಡಿಗಳು ತಂದ ಕೆಸರನ್ನು ಅಲ್ಲಿ ಒಣಗಿಸಿ, ಊರಿನ ಹಸಿ ಕಸದ ಜೊತೆ ಕೊಳೆಸಿ ಗೊಬ್ಬರ ಮಾಡುತ್ತಾರೆ. ಅಂಥದ್ದು ಒಂದೊಂದು ಹಳ್ಳಿಗೆ ಆಗದ ಮಾತು, ಹತ್ತು ಪಂಚಾಯ್ತಿ ಸೇರಿದರೆ ಆಗುತ್ತದೆ. ಅಲ್ಲಿಯ ತನಕ ದುಡ್ಡು ಕೊಡುವ ಮೊದಲು, "ಎಲ್ಲಿ ಸುರೀತೀರಿ ಅಣ್ಣಾ?" ಅಂತ ಕೇಳುವ ಹಕ್ಕು ನಮಗಿದೆ.

ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ ನಾನು ಎರಡು ಬೇಡಿಕೆ ಇಡಬೇಕೆಂದಿದ್ದೇನೆ. ಪಂಚಾಯ್ತಿಯಲ್ಲಿ ಒಂದು ಪುಸ್ತಕ ಇಟ್ಟು ಯಾರ ಮನೆಯದು ಯಾವ ಥರದ ಗುಂಡಿ, ಕೊನೆಗೆ ಖಾಲಿ ಮಾಡಿದ್ದು ಯಾವಾಗ ಅಂತ ಬರೆಯುವುದು. ವರ್ಷಕ್ಕೆ ಎರಡು ಸಲ, ಕಾಲುವೆಗೆ ನೀರು ಬಿಡುವ ಮೊದಲೊಮ್ಮೆ, ಸುಗ್ಗಿ ಆದ ಮೇಲೊಮ್ಮೆ, ಪಂಚಾಯ್ತಿಯೇ ಗಾಡಿಯನ್ನು ಊರಿಗೆ ಕರೆಸುವುದು. ನಿಮ್ಮಲ್ಲಿ ಯಾರು ಯಾರು ಕೈ ಎತ್ತುತ್ತೀರಿ ಅಂತ ಈಗಲೇ ತಿಳಿಸಿ.

ಅದಕ್ಕೆ ಮೊದಲು ಒಂದು ಮನೆಗೆಲಸ. ಸರ್ ಕೊಟ್ಟದ್ದಲ್ಲ, ನಾನು ಕೊಟ್ಟದ್ದು. ಇವತ್ತು ಮನೆಗೆ ಹೋಗಿ ದೊಡ್ಡವರನ್ನು ಮೂರು ಮಾತು ಕೇಳಿ. ನಮ್ಮದು ಟ್ಯಾಂಕೋ ಗುಂಡಿಯೋ, ತಳ ಇದೆಯೋ ಇಲ್ಲವೋ? ಮುಚ್ಚಳ ಎಲ್ಲಿದೆ? ಕೊನೆಗೆ ಖಾಲಿ ಮಾಡಿಸಿದ್ದು ಯಾವ ವರ್ಷ, ಯಾರು ಮಾಡಿದರು, ಗಾಡಿಯೋ ಮನುಷ್ಯನೋ? ಮುಚ್ಚಳ ನೀವು ತೆಗೆಯಬೇಡಿ, ಕೇಳಿದರೆ ಸಾಕು. ಉತ್ತರವನ್ನು ಚೀಟಿಯಲ್ಲಿ ಬರೆದು, ಹೆಸರು ಹಾಕದೆ, ಈ ಪತ್ರಿಕೆಯ ಕೆಳಗೆ ನೇತು ಹಾಕಿರುವ ರಟ್ಟಿನ ಡಬ್ಬಿಯಲ್ಲಿ ಶನಿವಾರದೊಳಗೆ ಹಾಕಿ. ಎಣಿಸಿ ಮುಂದಿನ ಸಂಚಿಕೆಯಲ್ಲಿ ಇದೇ ಜಾಗದಲ್ಲಿ ಬರೆಯುತ್ತೇನೆ. ಉಪಾಧ್ಯಾಯರೂ ಚೀಟಿ ಹಾಕಬಹುದು.

— ಹತ್ತನೇ ತರಗತಿಯ ವಿದ್ಯಾರ್ಥಿನಿ